ನೋವು ಮಂಡಿಯಲ್ಲಿ, ಮೂಲ ಕೊಳವೆಬಾವಿಯಲ್ಲಿ

ಸಿರಿಗೆರೆ ಕ್ರಾಸ್‌ನಿಂದ ಭರಮಸಾಗರದ ತನಕ ಯಾವ ಊರಿನ ಅರಳಿಕಟ್ಟೆಯ ಮೇಲೆ ಕೂತರೂ ಮಳೆ, ಅಡಿಕೆ ಧಾರಣೆ, ಮಂಡಿನೋವು ಈ ಮೂರರ ಮಾತು ಬಾರದೆ ಹೊತ್ತು ಹೋಗುವುದಿಲ್ಲ. ಐವತ್ತು ತುಂಬುವ ಮೊದಲೇ ಸೊಂಟ ಹಿಡಿದುಕೊಂಡವರು, ಕೂತಲ್ಲಿಂದ ಏಳಲು ಗೋಡೆಯನ್ನೋ ಮೊಮ್ಮಗನ ಹೆಗಲನ್ನೋ ಹುಡುಕುವವರು, ಕತ್ತು ಹೊರಳಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ನೋಡುವವರು ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಿಗೆ ಹೊಸಬರಲ್ಲ. ಅವರು ಹಿಡಿಯುವ ಚಿಕಿತ್ಸೆಯ ದಾರಿಯೂ ಹೆಚ್ಚುಕಡಿಮೆ ಒಂದೇ. ಮೊದಲು ಮನೆಯಲ್ಲೇ ಲಕ್ಕಿಸೊಪ್ಪಿನ ಶಾಖ, ಹರಳೆಣ್ಣೆ ಸವರಿ ಬಿಸಿ ಮಾಡಿದ ಎಕ್ಕದ ಎಲೆಯ ಕಟ್ಟು. ಅದಕ್ಕೆ ಬಗ್ಗದಿದ್ದರೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಅಲ್ಲಿಂದ ದಾವಣಗೆರೆಯ ದೊಡ್ಡಾಸ್ಪತ್ರೆ, ಎಕ್ಸ್‌ರೇ, ಚುಚ್ಚುಮದ್ದು. ಅದೂ ಸಾಕೆನಿಸಿದಾಗ ಯಾರೋ ಹೇಳಿದ ನಾಟಿ ವೈದ್ಯರು, ಆಯುರ್ವೇದದ ಕಷಾಯ, ಕೈಯಲ್ಲಿ ಕಾಸಿದ್ದವರಿಗೆ ಪ್ರಕೃತಿ ಚಿಕಿತ್ಸಾಲಯದ ವಾಸ. ಒಬ್ಬರು ವಾತ ಎನ್ನುತ್ತಾರೆ, ಇನ್ನೊಬ್ಬರು ಮೂಳೆ ಸವೆತ ಎನ್ನುತ್ತಾರೆ, ಮತ್ತೊಬ್ಬರು ಹೊಟ್ಟೆ ಶುದ್ಧವಿಲ್ಲ ಎನ್ನುತ್ತಾರೆ. ಇಷ್ಟೆಲ್ಲ ಬಾಗಿಲು ತಟ್ಟಿದ ಮೇಲೂ ಎಷ್ಟೋ ಮಂದಿಯನ್ನು ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಚಿಕ್ಕಂದಿನಿಂದ ನೀವು ಯಾವ ನೀರು ಕುಡಿದಿರಿ?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವರು ಆಯುರ್ವೇದದ ವೈದ್ಯರು ಮತ್ತು ಪ್ರಕೃತಿ ಚಿಕಿತ್ಸಕರು. ಯಾಕೆಂದರೆ ರೋಗದ ಲಕ್ಷಣವನ್ನು ಅಡಗಿಸುವುದಕ್ಕಿಂತ ರೋಗದ ಮೂಲವನ್ನು ಕೀಳುವುದೇ ನಮ್ಮ ದಾರಿ ಎಂದು ಹೇಳುತ್ತ ಬಂದವರು ಅವರು. ಅದು ಬರೀ ಜಾಹೀರಾತಿನ ಮಾತೂ ಅಲ್ಲ. ಆಯುರ್ವೇದ ರೋಗವನ್ನು ಅರಿಯಲು ಐದು ಸಂಗತಿಗಳನ್ನು ನೋಡು ಎನ್ನುತ್ತದೆ. ರೋಗಕ್ಕೆ ಕಾರಣವಾದ ನಿದಾನ, ರೋಗ ಬರುವ ಮುನ್ನ ಕಾಣುವ ಪೂರ್ವರೂಪ, ಬಂದ ಮೇಲಿನ ರೂಪ, ಏನು ಕೊಟ್ಟರೆ ಅಥವಾ ಏನು ಬಿಟ್ಟರೆ ತಗ್ಗುತ್ತದೆ ಎಂದು ನೋಡಿ ತಿಳಿಯುವ ಉಪಶಯ, ಒಳಗೊಳಗೆ ರೋಗ ಬೆಳೆದ ಬಗೆಯಾದ ಸಂಪ್ರಾಪ್ತಿ. ಮಾಧವಕರ ಬರೆದ ‘ಮಾಧವ ನಿದಾನ’ ಆದಿಯಿಂದ ಅಂತ್ಯದವರೆಗೆ ರೋಗವನ್ನು ಗುರುತಿಸುವುದಕ್ಕೇ ಮೀಸಲಾದ ಗ್ರಂಥ. ಚಿಕಿತ್ಸೆ ಎಂದರೆ ಒಂದೇ ಮಾತಿನಲ್ಲಿ ಏನು ಎಂಬುದಕ್ಕೆ ಸುಶ್ರುತ ಕೊಡುವ ಉತ್ತರ, ಕಾರಣವನ್ನು ಬಿಡುವುದು. ನಿದಾನ ಪರಿವರ್ಜನ ಎಂಬ ಈ ಮಾತನ್ನು ಆಯುರ್ವೇದ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲ.

ಪ್ರಕೃತಿ ಚಿಕಿತ್ಸೆಯ ಹುಟ್ಟು ಬೇರೆ, ಆಸೆ ಅದೇ. ಜರ್ಮನಿಯ ಲೀಪ್‌ಜಿಗ್‌ನಲ್ಲಿದ್ದ ಲೂಯಿ ಕೂನೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ರೋಗಗಳಿಗೆ ಹೆಸರು ನೂರಿದ್ದರೂ ಮೂಲ ಒಂದೇ, ದೇಹಕ್ಕೆ ಸಲ್ಲದ ಕಲ್ಮಷ ಒಳಗೆ ಕೂತಿರುವುದು ಎಂದು ಸಾರಿದ. ಅವನ ಪುಸ್ತಕ 1894ರಲ್ಲೇ ತೆಲುಗಿಗೆ ಬಂತು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ ಕೂನೆಯನ್ನೋದಿ ಕಟಿಸ್ನಾನವನ್ನು ತಮ್ಮ ಮೇಲೂ ಮನೆಯವರ ಮೇಲೂ ಪ್ರಯೋಗಿಸಿದರು. ಕರ್ನಾಟಕ ಈ ಪದ್ಧತಿಗೆ ಗಟ್ಟಿ ನೆಲೆಯನ್ನೇ ಕೊಟ್ಟಿದೆ. ಬೆಂಗಳೂರಿನ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯ ಶುರುವಾದದ್ದು 1979ರಲ್ಲಿ. ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜು ತೆರೆದದ್ದು 1989ರಲ್ಲಿ. ತೂಕ ಇಳಿಸಿಕೊಂಡು, ರಕ್ತದೊತ್ತಡ ತಗ್ಗಿಸಿಕೊಂಡು, ನಿದ್ದೆ ಕಂಡುಕೊಂಡು ಅಂಥ ಕಡೆಗಳಿಂದ ಹಿಂತಿರುಗಿದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಅವರ ಅನುಭವವನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. ಉಪ್ಪು, ಸಕ್ಕರೆ, ಕರಿದದ್ದು, ಕುಡಿತ ಬಿಟ್ಟು ದಿನಾ ನಡೆದರೆ ದೇಹ ಸುಧಾರಿಸುತ್ತದೆ ಎಂಬುದರಲ್ಲಿ ಯಾವ ವೈದ್ಯ ಪದ್ಧತಿಗೂ ತಕರಾರಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಮೂಲ ಹುಡುಕುತ್ತೇವೆ ಎನ್ನುವವರ ಹುಡುಕಾಟ ಬಹುತೇಕ ರೋಗಿಯ ಹೊಟ್ಟೆಯಲ್ಲೇ ಮುಗಿದುಹೋಗುತ್ತದೆ. ಏನು ತಿಂದೆ, ಎಷ್ಟು ಹೊತ್ತಿಗೆ ಮಲಗಿದೆ, ಮಲಬದ್ಧತೆ ಇದೆಯೇ, ಮನಸ್ಸಿಗೆ ಚಿಂತೆಯೇ? ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯ ಮೇಲೆಯೇ ಇಡೀ ವಿಚಾರಣೆ ನಿಂತಿರುತ್ತದೆ. ಊಟವನ್ನು ಚೆನ್ನಾಗಿ ಬಲ್ಲವಳು, ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು ಬಿಟ್ಟು ಬೇರೆ ತಿನ್ನದವಳು, ದಿನವಿಡೀ ಹೊಲದಲ್ಲಿ ದುಡಿಯುವವಳು, ಎಂಟು ಗಂಟೆಗೆ ಮಲಗುವವಳು ನಲವತ್ತೈದಕ್ಕೆ ಬಾಗಿ ನಿಂತರೆ ಈ ವಿಚಾರಣೆಗೆ ಉತ್ತರವೇ ಹೊಳೆಯುವುದಿಲ್ಲ. ಅವಳ ಕಾರಣ ಅವಳ ತಟ್ಟೆಯಲ್ಲಿಲ್ಲ, ಅವಳ ಕೊಡದಲ್ಲಿದೆ.

ಚರಕ ಬಿಟ್ಟುಹೋದ ಅಧ್ಯಾಯ

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ನಮ್ಮ ಸೀಮೆಗಾಗಿಯೇ ಬರೆದಂತಿದೆ. ಪಾಂಚಾಲ ದೇಶದ ಕಾಂಪಿಲ್ಯದಲ್ಲಿ, ಗಂಗೆಯ ದಡದಲ್ಲಿ ಗುರು ಪುನರ್ವಸು ಆತ್ರೇಯ ಶಿಷ್ಯ ಅಗ್ನಿವೇಶನ ಜೊತೆ ನಡೆಯುತ್ತ ಆಡಿದ ಮಾತು ಎಂದು ಅದನ್ನು ನಿರೂಪಿಸಲಾಗಿದೆ. ಶಿಷ್ಯನ ಸಂದೇಹ ಇದು: ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ, ಹಾಗಿದ್ದರೂ ಇಡೀ ಜನಪದ ಒಂದೇ ಹೊತ್ತಿನಲ್ಲಿ ಒಂದೇ ರೋಗಕ್ಕೆ ತುತ್ತಾಗುವುದು ಹೇಗೆ? ಗುರುವಿನ ಉತ್ತರ ನೇರವಾಗಿದೆ. ಮನುಷ್ಯರಲ್ಲಿ ಉಳಿದದ್ದೆಲ್ಲ ಬೇರೆಯಾದರೂ ಗಾಳಿ, ನೀರು, ನೆಲ, ಋತು ಈ ನಾಲ್ಕು ಎಲ್ಲರಿಗೂ ಒಂದೇ. ಇವು ಕೆಟ್ಟರೆ ಪ್ರಕೃತಿ ಯಾವುದಾದರೇನು, ಎಲ್ಲರೂ ಬೀಳುತ್ತಾರೆ. ಜನಪದೋದ್ಧ್ವಂಸ ಎಂದು ಅದಕ್ಕೆ ಹೆಸರು. ಅಷ್ಟೇ ಅಲ್ಲ, ಆಳುವವರು ಅಧರ್ಮದ ದಾರಿ ಹಿಡಿದಾಗ ಈ ನಾಲ್ಕೂ ಕೆಡುತ್ತವೆ ಎಂಬ ತನಕ ಆ ಅಧ್ಯಾಯ ಹೋಗುತ್ತದೆ.

ಎರಡು ಸಾವಿರ ವರ್ಷದಷ್ಟು ಹಳೆಯದಾದ ಈ ತಿಳಿವಳಿಕೆ ಪರೀಕ್ಷೆಗೆ ಓದುವ ಪಾಠವಾಗಿ ಉಳಿದಿದೆ, ಚಿಕಿತ್ಸಾಲಯದ ಮೇಜಿನ ಮೇಲೆ ಕಾಣುವುದು ಅಪರೂಪ. ವಾತ ಪಿತ್ತ ಕಫಗಳ ಲೆಕ್ಕ ಒಬ್ಬೊಬ್ಬ ರೋಗಿಯದು. ಊರಿಗೆ ಊರೇ ಕುಂಟುವಾಗ ಆ ಲೆಕ್ಕವನ್ನು ಬದಿಗಿಟ್ಟು ನೀರನ್ನು ನೋಡು ಎಂದು ಆ ಶಾಸ್ತ್ರವೇ ಹೇಳಿದೆ.

ಚಿತ್ರದುರ್ಗದ ನೀರನ್ನು ನೋಡೋಣ. ಈ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 600 ಮಿಲಿಮೀಟರ್ ಮುಟ್ಟುವುದಿಲ್ಲ. ಪೂರ್ವಕ್ಕೆ ಚಳ್ಳಕೆರೆಯ ಕಡೆ ಹೋದಂತೆ ಇನ್ನೂ ಕಡಿಮೆ. ನೆಲದಡಿ ಇರುವುದು ಗಟ್ಟಿ ಬಂಡೆ. ಆ ಬಂಡೆಯೊಳಗಿನ ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯ ಬಿರುಕುಗಳಲ್ಲಿ ಎಷ್ಟು ಕಾಲ ನಿಲ್ಲುತ್ತದೋ, ಎಷ್ಟು ಕ್ಷಾರವಾಗುತ್ತದೋ, ಅದರಲ್ಲಿ ಕ್ಯಾಲ್ಸಿಯಂ ಎಷ್ಟು ಕಡಿಮೆಯಾಗುತ್ತದೋ ಅಷ್ಟು ಫ್ಲೋರೈಡ್ ಕರಗಿ ಬರುತ್ತದೆ. ಮೇಲಿನ ಮಳೆನೀರು ಸೇರದೆ, ಆಳದ ಹಳೆಯ ನೀರನ್ನೇ ಮೊಗೆಯುತ್ತ ಹೋದಂತೆ ಅದು ಏರುತ್ತದೆ. ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಸವಳು ನೀರಾದರೆ ನಾಲಿಗೆಗೆ ಗೊತ್ತಾಗುತ್ತದೆ, ಫ್ಲೋರೈಡ್ ನೀರು ಸಿಹಿಯಾಗಿಯೇ ಇರಬಹುದು. ಒಂದೇ ಊರಿನ ಎರಡು ಬೋರುಗಳಲ್ಲಿ ಒಂದು ಸುರಕ್ಷಿತವಾಗಿದ್ದು ಇನ್ನೊಂದು ಮಿತಿ ಮೀರಿರುವುದೂ ಉಂಟು. ಹಾಗಾಗಿ ಊರಿನ ಹೆಸರು ಕೇಳಿ ಹೇಳುವಂತಿಲ್ಲ, ಬೋರಿನ ನೀರನ್ನೇ ಪರೀಕ್ಷಿಸಬೇಕು.

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು ಎನ್ನುತ್ತದೆ. ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಸಹಿಸಬಹುದು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಆದರೆ ಜನ ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ, ಹವೆ ಎಂಥದು ಎಂದು ನೋಡಿ ಆಯಾ ದೇಶ ಮಿತಿಯನ್ನು ಇನ್ನಷ್ಟು ಬಿಗಿಗೊಳಿಸಿಕೊಳ್ಳಬೇಕು ಎಂದು ಆ ಸಂಸ್ಥೆಯೇ ಹೇಳಿದೆ. ಏಪ್ರಿಲ್ ಬಿಸಿಲಲ್ಲಿ ಈರುಳ್ಳಿ ಕೀಳುವ ಕೂಲಿಯವಳು ನಾಲ್ಕೈದು ಲೀಟರ್ ಕುಡಿಯುತ್ತಾಳೆ. ನೆರಳಲ್ಲಿ ಕೂತು ಎರಡು ಲೀಟರ್ ಕುಡಿಯುವವನಿಗೆ ಅದೇ ನೀರು ಕೊಡುವ ಪೆಟ್ಟಿಗಿಂತ ಅವಳಿಗೆ ಬೀಳುವ ಪೆಟ್ಟು ದುಪ್ಪಟ್ಟು.

ದೇಹದೊಳಗೆ ಹೋದ ಫ್ಲೋರೈಡಿನ ಒಂದು ಪಾಲನ್ನು ಮೂತ್ರಪಿಂಡಗಳು ಹೊರಹಾಕುತ್ತವೆ, ಉಳಿದದ್ದು ಮೂಳೆ ಹಲ್ಲುಗಳಲ್ಲಿ ಕೂರುತ್ತದೆ. ಬೆಳೆಯುವ ಮಕ್ಕಳ ದೇಹ ದೊಡ್ಡವರಿಗಿಂತ ಹೆಚ್ಚು ಉಳಿಸಿಕೊಳ್ಳುತ್ತದೆ. ಸುಮಾರು ಎಂಟು ವರ್ಷದ ತನಕ, ಕಾಯಂ ಹಲ್ಲಿನ ಎನಾಮೆಲ್ ಒಸಡಿನೊಳಗೆ ರೂಪುಗೊಳ್ಳುವಾಗ ಈ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಸುಣ್ಣದ ಮಚ್ಚೆಯೋ ಅಡ್ಡಗೆರೆಯ ಕಂದು ಬಣ್ಣವೋ ಮೂಡುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಶಾಲೆಯಲ್ಲಿ ಹಲ್ಲುಜ್ಜದ ಮಕ್ಕಳು ಎಂದು ಬೈಸಿಕೊಂಡವರಲ್ಲಿ ಇಂಥವರು ಎಷ್ಟು ಮಂದಿಯೋ! ವಧು ಪರೀಕ್ಷೆಯಲ್ಲಿ ಬಾಯಿ ಮುಚ್ಚಿ ನಕ್ಕ ಹೆಣ್ಣುಮಕ್ಕಳ ಸಂಕಟ ಬೇರೆಯೇ. ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆ ದಪ್ಪವಾಗುತ್ತದೆ, ದಪ್ಪವಾದರೂ ಗಟ್ಟಿತನ ಇರುವುದಿಲ್ಲ. ಕೀಲಿನ ಸುತ್ತಲಿನ ಸ್ನಾಯುಬಂಧಗಳಲ್ಲಿ ಸುಣ್ಣ ಕಟ್ಟುತ್ತದೆ. ಬೆನ್ನು, ಕತ್ತು ಬಿಗಿಯುತ್ತವೆ. ಕಡೆಗೆ ಬೆನ್ನುಹುರಿಯ ನರಗಳ ಮೇಲೆ ಒತ್ತಡ ಬಿದ್ದು ಕಾಲು ಜೋಮು ಹಿಡಿಯುತ್ತದೆ. ಮೂಳೆಯಲ್ಲಿ ಕೂತದ್ದನ್ನು ಹೊರತೆಗೆಯುವ ಮದ್ದು ಯಾವ ಪದ್ಧತಿಯಲ್ಲೂ ಇಲ್ಲ.

ನೋವು ನುಂಗಿಸುವ ಮಾತ್ರೆಯ ಅಪಾಯವೂ ಇಲ್ಲೇ ಇದೆ. ವರ್ಷಾನುಗಟ್ಟಲೆ ಅದನ್ನು ನುಂಗಿದರೆ ಮೂತ್ರಪಿಂಡ ಸೋಲಬಹುದು, ಅದು ಸೋತರೆ ಫ್ಲೋರೈಡ್ ಹೊರಹೋಗುವುದೂ ತಗ್ಗುತ್ತದೆ. ಕಾರಣ ಬಿಡದೆ ನೋವನ್ನಷ್ಟೇ ಅಡಗಿಸಿದರೆ ಕಾರಣಕ್ಕೇ ಬಲ ಬರುತ್ತದೆ ಎಂಬ ಪ್ರಕೃತಿ ಚಿಕಿತ್ಸಕರ ಮಾತು ಈ ರೋಗದ ಮಟ್ಟಿಗೆ ಅಕ್ಷರಶಃ ನಿಜ.

ನಾರುಹುಣ್ಣು ಹೋಯಿತು, ಬೋರು ಬಂತು

ಫ್ಲೋರೈಡ್ ತರುವ ಈ ರೋಗಕ್ಕೆ ಫ್ಲೋರೋಸಿಸ್ ಎಂದು ಹೆಸರು. ನಮ್ಮ ದೇಶದಲ್ಲಿ ಅದು ಮೊದಲು ದಾಖಲಾದದ್ದು 1937ರಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನೆಲ್ಲೂರು ಜಿಲ್ಲೆಯಲ್ಲಿ. ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಅದನ್ನು ಬರೆದಿಟ್ಟರು. ಹಾಗಾದರೆ ನಂತರದ ದಶಕಗಳಲ್ಲಿ ಅದೇ ಬಗೆಯ ಬಂಡೆಯ ನೆಲದಲ್ಲಿ ಫ್ಲೋರೈಡ್ ಪರೀಕ್ಷಿಸದೆ ಕೊಳವೆಬಾವಿ ಕೊರೆದದ್ದು ಯಾಕೆ? ಉತ್ತರ ದುಷ್ಟತನದಲ್ಲಿಲ್ಲ, ಒಳ್ಳೆಯ ಉದ್ದೇಶದಲ್ಲಿದೆ. ಅರವತ್ತರ ದಶಕದ ಬರಗಾಲದ ಹಿಂದೆಯೇ ಯುನಿಸೆಫ್ ನೆರವಿನ ಕೊರೆಯುವ ಯಂತ್ರಗಳು ಬಂದವು, ಎಪ್ಪತ್ತರ ದಶಕದಲ್ಲಿ ಇಂಡಿಯಾ ಮಾರ್ಕ್-2 ಕೈಪಂಪು ಬಂತು. ಮೆಟ್ಟಿಲು ಬಾವಿಯ, ಕೆರೆಯ ತೆರೆದ ನೀರು ಕಾಲರಾ ತರುತ್ತಿತ್ತು, ನಾರುಹುಣ್ಣು ತರುತ್ತಿತ್ತು. ಕೈಪಂಪಿನ ನೀರಿನಲ್ಲಿ ಹುಳುವಿಲ್ಲ, ರೋಗಾಣುವಿಲ್ಲ. ಅದರ ಖನಿಜದ ಲೆಕ್ಕ ಆಗ ಯಾರ ತಲೆಯಲ್ಲೂ ಇರಲಿಲ್ಲ.

ನಾರುಹುಣ್ಣಿನ ಕಥೆಯನ್ನು ಇವತ್ತಿನ ತರುಣ ವೈದ್ಯರು ಮರೆತಿದ್ದಾರೆ ಅನಿಸುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾಲಿನ ಹುಣ್ಣಿನಿಂದ ಮೊಳದುದ್ದದ ಹುಳು ಇಣುಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಳೆಯುತ್ತಿದ್ದರು. ಆ ಕಾಲನ್ನು ಮೆಟ್ಟಿಲು ಬಾವಿಯ ನೀರಿಗಿಟ್ಟರೆ ಹುಳು ಮರಿಗಳನ್ನು ಬಿಡುತ್ತಿತ್ತು, ನೀರಿನ ಸಣ್ಣ ಜೀವಿಗಳು ಅವನ್ನು ನುಂಗುತ್ತಿದ್ದವು, ಆ ನೀರು ಕುಡಿದವನಿಗೆ ಒಂದು ವರ್ಷದ ನಂತರ ಅದೇ ಹುಣ್ಣು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಅದು ಬೇರೂರಿತ್ತು. ಅದಕ್ಕೆ ಲಸಿಕೆಯಿಲ್ಲ, ಗುಣಪಡಿಸುವ ಔಷಧಿಯೂ ಇಲ್ಲ. ಜನರು ನೀರಿಗೆ ಕಾಲಿಡದಂತೆ ಬಾವಿಗಳನ್ನು ಬದಲಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ, ಬೇರೆ ನೀರಿನ ಮೂಲ ಕೊಟ್ಟು ಅದನ್ನು ದೇಶದಿಂದಲೇ ಓಡಿಸಲಾಯಿತು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ನಿದಾನ ಪರಿವರ್ಜನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಆ ಕೆಲಸ ಮಾಡಿದ ಆರೋಗ್ಯ ಸಿಬ್ಬಂದಿ ತಾವು ಪ್ರಕೃತಿ ಚಿಕಿತ್ಸೆ ಮಾಡುತ್ತಿದ್ದೇವೆ ಎಂದುಕೊಂಡಿರಲಿಲ್ಲ, ಆದರೆ ಮಾಡಿದ್ದು ಅದನ್ನೇ. ಒಂದು ರೋಗದ ಮೂಲ ಕಿತ್ತ ಅದೇ ಬೋರು ಇನ್ನೊಂದು ರೋಗದ ಮೂಲವಾಯಿತು ಎಂಬುದನ್ನು ಕಾಣಲು ಮಾತ್ರ ನಮಗೆ ಬಹಳ ವರ್ಷ ಹಿಡಿಯಿತು. ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2008-09ರಲ್ಲಿ. ನೆಲ್ಲೂರಿನ ವರದಿಗೆ ಆಗ ಎಪ್ಪತ್ತು ದಾಟಿತ್ತು.

ತಟ್ಟನೆ ಕೊಲ್ಲುವ ನೀರನ್ನು ನಾವು ಬೇಗ ಗುರುತಿಸುತ್ತೇವೆ. 2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಮಂತ್ರಿಗಳು ಬಂದರು, ಮಾದರಿಗಳು ಪ್ರಯೋಗಾಲಯಕ್ಕೆ ಹೋದವು, ಅಮಾನತುಗಳಾದವು. ಮೂವತ್ತು ವರ್ಷ ತೆಗೆದುಕೊಂಡು ಒಬ್ಬ ಮನುಷ್ಯನನ್ನು ಬಗ್ಗಿಸುವ ನೀರಿಗೆ ಯಾವ ಅಮಾನತೂ ಇಲ್ಲ.

ಬಿಟ್ಟು ನೋಡುವ ವಿದ್ಯೆ

ಉಪಶಯ ಎಂಬ ಹಳೆಯ ಉಪಾಯವನ್ನು ಮೇಲೆ ಹೇಳಿದೆ. ಅದನ್ನು ಹೋಲುವ ಕೆಲಸವನ್ನು ನಮ್ಮ ಕಾಲದಲ್ಲಿ ಮಾಡಿ ತೋರಿಸಿದವರು ದೆಹಲಿಯ ವಿಜ್ಞಾನಿ ಎ. ಕೆ. ಸುಶೀಲಾ. ಕಬ್ಬಿಣದ ಮಾತ್ರೆ ಕೊಟ್ಟರೂ ರಕ್ತಹೀನತೆ ನೀಗದ ಬಸುರಿಯರ ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅವರ ತಂಡ ಮೊದಲು ನೋಡಿತು. ಹೆಚ್ಚಿದ್ದವರಿಗೆ ಫ್ಲೋರೈಡ್ ಇರುವ ನೀರು ಮತ್ತು ಆಹಾರ ಬಿಡಿಸಿ, ಹಾಲು, ಸೊಪ್ಪು, ಹಣ್ಣುಗಳಂಥ ಪೌಷ್ಟಿಕ ಆಹಾರ ತಿನ್ನಲು ಹೇಳಿಕೊಟ್ಟಿತು. ಹಾಗೆ ಬಿಟ್ಟವರಲ್ಲಿ ಹಿಮೋಗ್ಲೋಬಿನ್ ಏರಿತು, ಹುಟ್ಟಿದ ಮಕ್ಕಳ ತೂಕವೂ ಸುಧಾರಿಸಿತು. 2010ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಫ್ಲೋರೈಡ್ ಹೊಟ್ಟೆಯ ಒಳಪದರವನ್ನು ಕೆಡಿಸಿ, ತಿಂದದ್ದು ಮೈಗೆ ಹತ್ತದಂತೆ ಮಾಡುತ್ತದೆ ಎಂಬುದು ಅವರ ವಿವರಣೆ. ಮೂಳೆಗೆ ಬಂದದ್ದು ಹಿಂತಿರುಗದಿದ್ದರೂ ಹೊಟ್ಟೆಯುಬ್ಬರ, ಸುಸ್ತು, ರಕ್ತಹೀನತೆಯಂಥ ಮೊದಲ ಹಂತದ ತೊಂದರೆಗಳು ನೀರು ಬದಲಿಸಿದರೆ ಇಳಿಯುತ್ತವೆ. ನಮ್ಮ ಆಯುರ್ವೇದ ಮತ್ತು ಪ್ರಕೃತಿ ಚಿಕಿತ್ಸೆಯ ವೈದ್ಯರ ಕೈಗೆಟಕುವ ಕೆಲಸ ಇದು. ದೊಡ್ಡ ಯಂತ್ರ ಬೇಡ, ದುಬಾರಿ ಮದ್ದು ಬೇಡ.

ಅಡುಗೆಮನೆಯಲ್ಲೂ ನೆರವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು ಶಾಲಾ ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣು ಕೊಟ್ಟು ನೋಡಿದಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತು. 2002ರಲ್ಲಿ ಅದು ವರದಿಯಾಯಿತು. ಹುಣಸೆಯಿಲ್ಲದ ಸಾರನ್ನು ನಮ್ಮ ಸೀಮೆಯವರು ಸಾರೆನ್ನುವುದೇ ಇಲ್ಲ, ಆ ಮಟ್ಟಿಗೆ ಅಜ್ಜಿಯರ ಕೈ ಸರಿಯಾಗಿಯೇ ನಡೆದಿದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಕರುಳು ಹೀರುವ ಫ್ಲೋರೈಡ್ ಕಡಿಮೆಯಾಗುತ್ತದೆ. ಅದೇ ಸಂಸ್ಥೆಯ ವಿಜ್ಞಾನಿಗಳು ಎಪ್ಪತ್ತರ ದಶಕದ ಆರಂಭದಲ್ಲಿ ಆಂಧ್ರದ ಹಳ್ಳಿಗಳಲ್ಲಿ, ಫ್ಲೋರೈಡ್ ನೀರಿನ ಜೊತೆ ಪೌಷ್ಟಿಕತೆಯ ಕೊರತೆಯೂ ಸೇರಿದ ಕಡೆ ಎಳೆಯರ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದನ್ನು ಕಂಡು ಬರೆದಿದ್ದರು. ಅಂದರೆ ಒಂದೇ ನೀರು ಉಂಡವನಿಗೂ ಹಸಿದವನಿಗೂ ಒಂದೇ ರೀತಿ ಹೊಡೆಯುವುದಿಲ್ಲ. ಬಡತನವೂ ಇಲ್ಲಿ ಒಂದು ನಿದಾನ.

ಆದರೆ ಹುಣಸೆಹಣ್ಣು ತಿಂದು ಮಿತಿ ಮೀರಿದ ನೀರನ್ನೇ ಕುಡಿಯುತ್ತಿರಬಹುದು ಎಂದು ಯಾರೂ ತಿಳಿಯಬಾರದು. ಇನ್ನೂ ಕೆಲವು ತಪ್ಪು ತಿಳಿವಳಿಕೆಗಳಿವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಮಾಮೂಲಿ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಹೋಗುವುದಿಲ್ಲ. ನಾಣ್ಯ ಹಾಕಿ ತಂದ ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಇಟ್ಟುಕೊಂಡು, ಮುದ್ದೆಗೆ, ಬೇಳೆಗೆ, ಟೀಗೆ ಬೋರಿನ ನೀರನ್ನೇ ಸುರಿಯುವ ಮನೆಗಳು ಬಹಳ. ಟೀ ಸೊಪ್ಪಿನಲ್ಲಿ ತನ್ನದೇ ಫ್ಲೋರೈಡ್ ಬೇರೆ ಇರುತ್ತದೆ. ಘಟಕದ ಪೊರೆ ಬದಲಿಸದೆ ಎಷ್ಟು ಕಾಲವಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವವರು ಕಡಿಮೆ. ಮನೆಮನೆಗೆ ಗಂಗೆ ಯೋಜನೆಯಲ್ಲಿ ನಲ್ಲಿ ಬಂದಿದೆ ನಿಜ, ಆದರೆ ನಲ್ಲಿಯ ಹಿಂದಿರುವುದು ಅದೇ ಬೋರಾದರೆ ನೀರು ಮನೆ ಬಾಗಿಲಿಗೆ ಬಂತು ಎಂಬುದಷ್ಟೇ ವ್ಯತ್ಯಾಸ.

ಇದರ ನಡುವೆ ಮೂಲದಿಂದಲೇ ಗುಣ ಮಾಡುತ್ತೇವೆ ಎಂದು ಹೇಳಿಕೊಂಡು ಪೊಟ್ಟಣ ಮಾರುವವರಿದ್ದಾರೆ. ಮೂಲ ಯಾವುದು ಎಂದು ಒಂದು ಪರೀಕ್ಷೆಯನ್ನೂ ಮಾಡದವರು ಮೂಲಕ್ಕೆ ಮದ್ದು ಕೊಡುವುದು ಹೇಗೆ? ಮಧುಮೇಹ, ಕ್ಯಾನ್ಸರಿನಂಥ ರೋಗಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಇನ್ಸುಲಿನ್ ನಿಲ್ಲಿಸಿ ಉಪವಾಸ ಮಾಡಿಸುವುದು ಪ್ರಕೃತಿ ಚಿಕಿತ್ಸೆಯಲ್ಲ, ಜೀವದ ಜೊತೆ ಆಟ. ಜೀವನವಿಡೀ ಪ್ರಕೃತಿ ಚಿಕಿತ್ಸೆಯನ್ನು ನಂಬಿದ ಗಾಂಧೀಜಿ 1924ರ ಜನವರಿಯಲ್ಲಿ ಕರುಳುಬಾಲದ ಉರಿಯೂತ ಬಂದಾಗ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡರು. ಅವರೇ 1946ರಲ್ಲಿ ಉರುಳಿಕಾಂಚನದಲ್ಲಿ ಬಡವರಿಗಾಗಿ ಪ್ರಕೃತಿ ಚಿಕಿತ್ಸಾಲಯ ತೆರೆದಾಗ ಹಳ್ಳಿಯ ನೈರ್ಮಲ್ಯವನ್ನೂ ಚಿಕಿತ್ಸೆಯೊಳಗೇ ಸೇರಿಸಿಕೊಂಡಿದ್ದರು.

ಮೂಲ ಹುಡುಕುವಾಗ ಅವಸರವೂ ಸಲ್ಲದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಎಪ್ಪತ್ತರ ದಶಕದ ನಡುವಿನಲ್ಲಿ ಬಡ ಕೂಲಿಕಾರ ಕುಟುಂಬಗಳ ಸೊಂಟ, ಮಂಡಿಗಳು ಕುಸಿಯತೊಡಗಿದವು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳಿಗೆ ಸೇರಿ, ಏಡಿ ತಿಂದವರಿಗೆ ರೋಗ ಬಂತು ಎಂಬ ಅನುಮಾನ ಮೊದಲು ಹರಡಿತು. ಕೇಳಲು ಎಷ್ಟು ಸರಿಯಾಗಿತ್ತು! ಮುಂದೆ ಕುಟುಂಬಗಳ ವಂಶವೃಕ್ಷ ಬರೆದು, ಎಕ್ಸ್‌ರೇ ನೋಡಿ, ಜೀನುಗಳ ತನಕ ಹೋದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಯ ರೋಗ ಎಂದು ಗೊತ್ತಾಯಿತು. ಆ ಜನ ಏನು ತಿಂದಿದ್ದರೂ ಬಿಟ್ಟಿದ್ದರೂ ಅದು ತಪ್ಪುತ್ತಿರಲಿಲ್ಲ. ಊರಿನ ಮಂಡಿನೋವೆಲ್ಲ ಫ್ಲೋರೈಡಿನದೇ ಎಂದು ನಾನೂ ಹೇಳಲಾರೆ. ವಯಸ್ಸಿನ ಸವೆತ ಇರುತ್ತದೆ, ಸಂಧಿವಾತ ಇರುತ್ತದೆ, ಹೊತ್ತ ಭಾರ ಇರುತ್ತದೆ. ಅದಕ್ಕೇ ಪರೀಕ್ಷೆ ಬೇಕು ಎನ್ನುವುದು.

ಮೊದಲ ಪರೀಕ್ಷೆಗೆ ಕಾಸೂ ಬೇಕಿಲ್ಲ. ಮಂಡಿ ಬಗ್ಗಿಸದೆ ಕಾಲ ಹೆಬ್ಬೆರಳು ಮುಟ್ಟಲು ಆಗುತ್ತದೆಯೇ? ಗದ್ದವನ್ನು ಎದೆಗೆ ತಾಗಿಸಲು ಆಗುತ್ತದೆಯೇ? ಕೈಗಳನ್ನು ಅಗಲಕ್ಕೆ ಚಾಚಿ, ಮಡಚಿ ತಲೆಯ ಹಿಂಭಾಗ ಮುಟ್ಟಲು ಆಗುತ್ತದೆಯೇ? ಈ ಮೂರೂ ಬಿಗಿದವರ ಕುಡಿಯುವ ನೀರು, ಮೂತ್ರ, ಮುಂಗೈ ಎಕ್ಸ್‌ರೇ ನೋಡಬೇಕು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿರುವುದು ಎಕ್ಸ್‌ರೇಯಲ್ಲಿ ಕಂಡರೆ ಬಹುಮಟ್ಟಿಗೆ ಗುರುತು ಸಿಕ್ಕಂತೆ.

ಕೆರೆಯೂ ಚಿಕಿತ್ಸೆ

ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರ ಸದ್ಧರ್ಮ ನ್ಯಾಯಪೀಠ ಕೂರುತ್ತದೆ. ಮನೆ ಪಾಲು, ಹೊಲದ ಬದು, ಗಂಡ ಹೆಂಡಿರ ಮುನಿಸು ಹೊತ್ತು ಜನ ಬರುತ್ತಾರೆ. ಎರಡೂ ಕಡೆಯವರ ಮಾತು ಕೇಳಿ, ಕಾಗದಪತ್ರ ನೋಡಿ, ವ್ಯಾಜ್ಯ ಎಲ್ಲಿಂದ ಶುರುವಾಯಿತು ಎಂದು ಹಿಂದೆ ಹಿಂದೆ ಹೋಗಿ ತೀರ್ಮಾನ ಹೇಳುವುದು ಅಲ್ಲಿಯ ಕ್ರಮ. ರೋಗದ ವಿಚಾರಣೆಯೂ ಹೀಗೆಯೇ ನಡೆಯಬೇಕು. ರೋಗಿಯನ್ನು ಕೇಳಿದಷ್ಟೇ ತಾಳ್ಮೆಯಿಂದ ಅವನ ನೀರನ್ನೂ ನೆಲವನ್ನೂ ಕೇಳಬೇಕು.

ಅದೇ ಮಠದ ಪೀಠಾಧ್ಯಕ್ಷರಾದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಸರ್ಕಾರಗಳ ಬೆನ್ನು ಹತ್ತಿ, ಹರಿಹರದ ಬಳಿ ಹರಿಯುವ ತುಂಗಭದ್ರೆಯ ನೀರನ್ನು ಭರಮಸಾಗರ, ಜಗಳೂರು ಸೀಮೆಯ ಕೆರೆಗಳಿಗೆ ಎತ್ತಿ ತುಂಬಿಸುವ ಯೋಜನೆಗಳನ್ನು ತರಿಸಿದರು. ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರು ಹೊತ್ತ ಭರಮಸಾಗರದ ದೊಡ್ಡಕೆರೆಗೆ 2021ರಲ್ಲಿ ನದಿಯ ನೀರು ಬಂದಾಗ ಊರೂರಿನ ಜನ ನೋಡಲು ಬಂದರು. ಅದನ್ನು ರೈತರು ಬೆಳೆಯ ಲೆಕ್ಕದಲ್ಲಿ ನೋಡುತ್ತಾರೆ, ರಾಜಕಾರಣಿಗಳು ಮತದ ಲೆಕ್ಕದಲ್ಲಿ ನೋಡುತ್ತಾರೆ. ಆರೋಗ್ಯದ ಲೆಕ್ಕದಲ್ಲಿ ನೋಡಿದವರನ್ನು ನಾನು ಹೆಚ್ಚು ಕಂಡಿಲ್ಲ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೆ ಹೊಸ ನೀರು ಇಳಿಯುತ್ತದೆ, ಹೊಸ ನೀರು ಸೇರಿದಲ್ಲಿ ಆಳದ ಫ್ಲೋರೈಡ್ ತೆಳುವಾಗುವ ಸಾಧ್ಯತೆ ಇದೆ. ಇದು ತಾನಾಗಿ ಆಗಿಬಿಡುತ್ತದೆ ಎಂದು ಕೂರುವಂತಿಲ್ಲ. ಗಟ್ಟಿ ಬಂಡೆಯ ನೆಲದಲ್ಲಿ ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ಇಳಿಯುವುದಿಲ್ಲ ಎಂಬುದು ಬಿರುಕುಗಳನ್ನು ಅವಲಂಬಿಸಿದೆ. ಕೆರೆ ತುಂಬುವ ಮೊದಲಿನ ಮತ್ತು ತುಂಬಿದ ಮೇಲಿನ ಫ್ಲೋರೈಡ್ ಅಳತೆಯನ್ನು ಬೋರು ಬೋರಿಗೆ ಬರೆದಿಟ್ಟು ಹೋಲಿಸಬೇಕು. ನದಿಯ ನೀರನ್ನು ಕುಡಿಯಲು ಕೊಡುವುದಾದರೆ ಶುದ್ಧೀಕರಿಸಿಯೇ ಕೊಡಬೇಕು.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಆಯುರ್ವೇದದ ಗ್ರಂಥಗಳು ನೀರುಗಳನ್ನು ಎಣಿಸುವಾಗ ಆಕಾಶದಿಂದ ಬಿದ್ದ ಶುದ್ಧ ಜಲವನ್ನೇ ಮೊದಲಿಗಿಟ್ಟಿವೆ. ಚಿತ್ರದುರ್ಗದ ಕೋಟೆ ಕಟ್ಟಿದವರೂ ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ಸಿಹಿನೀರು ಹೊಂಡಗಳಲ್ಲಿ ಹಿಡಿದಿಟ್ಟಿದ್ದರು. ನೆರೆಯ ಪಾವಗಡದಲ್ಲಿ, ಮುಂಡರಗಿ, ಬಾಗೇಪಲ್ಲಿಗಳಲ್ಲಿ ಸಚೇತನ ಯೋಜನೆಯಡಿ ಫ್ಲೋರೈಡ್ ಊರುಗಳ ಮನೆ, ಶಾಲೆಗಳ ಮಾಡಿನ ನೀರನ್ನು ತೊಟ್ಟಿಗಿಳಿಸಿ ವರ್ಷವಿಡೀ ಕುಡಿಯಲು ಬಳಸುವುದನ್ನು ಮಾಡಿ ತೋರಿಸಲಾಗಿದೆ. ಚಿತ್ರದುರ್ಗದವರೇ ಆದ ಅಂತರ್ಜಲ ತಜ್ಞ ಎನ್. ಜೆ. ದೇವರಾಜ ರೆಡ್ಡಿ ಬತ್ತಿದ ಬೋರುಗಳಿಗೆ ಮಳೆನೀರು ಇಂಗಿಸುವ ಕೆಲಸವನ್ನು ವರ್ಷಗಳಿಂದ ಹೇಳಿಕೊಡುತ್ತ ಬಂದಿದ್ದಾರೆ. ದಾರಿಗಳು ಗೊತ್ತಿವೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಒಂಬತ್ತು ಸಾವಿರ ಲೀಟರಿಗೆ ಸ್ವಲ್ಪ ಹೆಚ್ಚು. 500 ಮಿಲಿಮೀಟರ್ ಮಳೆ ಬಿದ್ದರೂ 30 ಚದರ ಮೀಟರಿನ ಮಾಡು 15 ಸಾವಿರ ಲೀಟರ್ ಹಿಡಿಯುತ್ತದೆ. ಸೋರಿದ್ದು, ಆವಿಯಾದದ್ದು ಕಳೆದರೂ ಸಾಲುತ್ತದೆ.

ಆಯುಷ್ ಚಿಕಿತ್ಸಾಲಯಗಳ ವೈದ್ಯರಲ್ಲಿ ನನ್ನ ವಿನಂತಿ ಇಷ್ಟು. ರೋಗಿಯ ಚೀಟಿಯಲ್ಲಿ ಪ್ರಕೃತಿ, ಆಹಾರ, ನಿದ್ರೆ ಬರೆಯುವ ಕಡೆ ಕುಡಿಯುವ ನೀರಿನ ಮೂಲ ಎಂದು ಒಂದು ಸಾಲು ಸೇರಿಸಿ. ಒಂದೇ ಊರಿನಿಂದ ಒಂದೇ ನೋವಿನವರು ಬರತೊಡಗಿದರೆ ಆ ಸಾಲುಗಳನ್ನು ಕೂಡಿಸಿ ನೋಡಿ, ಪಂಚಾಯ್ತಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಬರೆಯಿರಿ. ಎಣ್ಣೆ, ಶಾಖ, ವ್ಯಾಯಾಮ, ಪಥ್ಯ ಎಲ್ಲವೂ ಇರಲಿ, ಅವು ನೋವು ತಗ್ಗಿಸುತ್ತವೆ. ನೀರು ಬದಲಾಗುವ ತನಕ ನಿಮ್ಮ ಚಿಕಿತ್ಸೆ ಮುಗಿದಿಲ್ಲ.

ಓದುವವರಲ್ಲಿಯೂ ಒಂದು ಮಾತು. ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕು. ಫ್ಲೋರೈಡ್ ಕೂಡ ಆ ಕಿಟ್‌ನಲ್ಲಿ ತಿಳಿಯುತ್ತದೆ. ನಿಮ್ಮೂರಿನಲ್ಲಿ ಆ ಐವರು ಯಾರು, ಕಿಟ್ ಎಲ್ಲಿದೆ ಎಂದು ಪಂಚಾಯ್ತಿಯಲ್ಲಿ ಕೇಳಿ. ಇಲ್ಲವೆಂದರೆ ಒಂದು ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮನೆಯ ನೀರು ಹಿಡಿದು ಚಿತ್ರದುರ್ಗದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಮುಂದಿನ ಸಲ ಮಂಡಿನೋವಿಗೆಂದು ಯಾವ ಪದ್ಧತಿಯ ವೈದ್ಯರ ಬಳಿ ಹೋದರೂ ಎಕ್ಸ್‌ರೇ ಜೊತೆಗೆ ಆ ವರದಿಯನ್ನೂ ಮೇಜಿನ ಮೇಲಿಡಿ.